ನೆಲದ ವಿಷವೂ ಸಸ್ಯದ ಸೇವೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಸಭೆಯಲ್ಲಿ ನಾನೂ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದಾಗ ನಾನು ಬಹಳ ಹಿಂಜರಿದೆನು. ಏಕೆಂದರೆ ನಾನು ಶಾಸ್ತ್ರಗಳನ್ನೋದಿದ ಪಂಡಿತನಲ್ಲ, ವಾಗ್ಮಿಯೂ ಅಲ್ಲ. ರೈತರು ಚೀಲದಲ್ಲಿ ಕಟ್ಟಿ ತರುವ ಮಣ್ಣನ್ನು ಪರೀಕ್ಷಿಸಿ, ಅದರ ಗುಣದೋಷಗಳನ್ನು ಚೀಟಿಯಲ್ಲಿ ಬರೆದು ಕೊಡುವುದರಲ್ಲಿಯೇ ನನ್ನ ಆಯುಷ್ಯವೆಲ್ಲ ಕಳೆದಿದೆ. ಈ ಸಂಗತಿಯನ್ನು ಅರಿಕೆ ಮಾಡಿಕೊಂಡಾಗ, “ಹಾಗಾದರೆ ಮಣ್ಣಿನ ಮಾತನ್ನೇ ಆಡಿರಿ” ಎಂದು ಅಪ್ಪಣೆಯಾಯಿತು. ಆ ಅಪ್ಪಣೆಯನ್ನು ಶಿರಸಾವಹಿಸಿ ಇಲ್ಲಿ ನಿಂತಿದ್ದೇನೆ.

ನನ್ನ ವಿಷಯವನ್ನು ಒಂದು ಪ್ರಶ್ನೆಯಿಂದ ಪ್ರಾರಂಭಿಸುವೆನು. ಈ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬ ರೈತ ಭಕ್ತರು. ತಮ್ಮ ಹೊಲದಲ್ಲಿ ಬೆಳೆದ ಸೊಪ್ಪನ್ನು ವಾರಕ್ಕೊಮ್ಮೆ ಮಠದ ದಾಸೋಹಕ್ಕೆ ತಂದೊಪ್ಪಿಸುವುದು ಅವರ ತಂದೆಯ ಕಾಲದಿಂದ ನಡೆದುಬಂದ ಪದ್ಧತಿ. ಅವರ ಹೊಲದ ಮೇಲ್ಭಾಗದಲ್ಲಿ ಕೆಲವು ವರ್ಷಗಳ ಹಿಂದೆ ಯಾರೋ ಒಂದು ಶೆಡ್ಡು ಹಾಕಿ, ಹಳೆಯ ಬ್ಯಾಟರಿಗಳನ್ನು ಒಡೆದು ಅವುಗಳೊಳಗಿನ ಸೀಸವನ್ನು ಕರಗಿಸುತ್ತಿದ್ದರು. ಊರಿನವರು ತಕರಾರು ಮಾಡಿದ ಮೇಲೆ ಶೆಡ್ಡು ಮುಚ್ಚಿತು. ಆದರೆ ಅಲ್ಲಿಯ ಬೂದಿಯೂ ಕೆಸರೂ ಮಳೆನೀರಿನೊಡನೆ ಇವರ ಹೊಲಕ್ಕೆ ಇಳಿದಿದ್ದವು. ಸೂರ್ಯಕಾಂತಿಯನ್ನು ಬಿತ್ತಿದರೆ ಅದು ನೆಲದ ವಿಷವನ್ನೆಲ್ಲ ಹೀರಿಬಿಡುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಅವರು ಒಂದು ಹಂಗಾಮು ಸೂರ್ಯಕಾಂತಿ ಬೆಳೆದರು. ಅನಂತರ ನನ್ನಲ್ಲಿಗೆ ಬಂದು, “ಸಾಹೇಬರೇ, ಇನ್ನು ನೆಲ ಶುದ್ಧವಾಯಿತಲ್ಲವೇ? ಮತ್ತೆ ಸೊಪ್ಪು ಹಾಕಿ ದಾಸೋಹಕ್ಕೆ ತರಬಹುದೇ?” ಎಂದು ಕೇಳಿದರು.

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಹೌದೆಂದರೆ ಪಂಕ್ತಿಯಲ್ಲಿ ಕುಳಿತುಣ್ಣುವ ನೂರಾರು ಜನರ ಎಲೆಗೆ, ಅದರಲ್ಲಿಯೂ ವಿದ್ಯಾರ್ಥಿನಿಲಯದ ಎಳೆಯ ಮಕ್ಕಳ ಎಲೆಗೆ, ಆ ಸೊಪ್ಪು ಬೀಳುವುದು. ಇಲ್ಲವೆಂದರೆ ಒಂದು ಮನೆತನದ ಸೇವೆ ನಿಲ್ಲುವುದು. ಆದುದರಿಂದ ಆ ದಿನ ನಾನು ತಟ್ಟನೆ ಉತ್ತರ ಕೊಡದೆ, ಮಣ್ಣನ್ನು ತರಹೇಳಿದೆನು. ಆ ಪ್ರಶ್ನೆಯ ಪೂರ್ಣವಾದ ಉತ್ತರವೇ ಇಂದಿನ ನನ್ನ ಉಪನ್ಯಾಸ.

ಮೊದಲು ಈ ವಿಷವೆಂದರೆ ಯಾವುದೆಂಬುದನ್ನು ತಿಳಿಯೋಣ. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್ ಮೊದಲಾದವುಗಳನ್ನು ಭಾರಲೋಹಗಳೆಂದು ಕರೆಯುತ್ತಾರೆ. ಪಾಷಾಣದ ಮೂಲವಾದ ಆರ್ಸೆನಿಕ್ಕು ಪೂರ್ಣ ಲೋಹವಲ್ಲದಿದ್ದರೂ ಇದೇ ಸಾಲಿನಲ್ಲಿ ಎಣಿಸಲ್ಪಡುತ್ತದೆ. ಸತುವೂ ತಾಮ್ರವೂ ಅಲ್ಪಪ್ರಮಾಣದಲ್ಲಿ ದೇಹಕ್ಕೆ ಬೇಕಾದವುಗಳೇ. ಮಿತಿ ಮೀರಿದರೆ ಮಾತ್ರ ಕೇಡು. ಸೀಸ ಕ್ಯಾಡ್ಮಿಯಂಗಳಿಂದಲಾದರೋ ದೇಹಕ್ಕೆ ಎಳ್ಳಷ್ಟೂ ಉಪಯೋಗವಿಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡು ಎಲುಬನ್ನು ಸವೆಸುತ್ತದೆ. ಆರ್ಸೆನಿಕ್ಕು ಚರ್ಮವನ್ನು ಕೆಡಿಸಿ, ಬಹುಕಾಲ ಸೇವಿಸಿದವರಲ್ಲಿ ಅರ್ಬುದರೋಗವನ್ನೂ ಉಂಟುಮಾಡುತ್ತದೆ.

ಸಗಣಿ, ಎಲೆಕಸ, ಸತ್ತ ಪ್ರಾಣಿಯ ದೇಹ, ಇವೆಲ್ಲ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣೇ ಆಗುತ್ತವೆ. ಲೋಹವು ಮೂಲದ್ರವ್ಯವಾದುದರಿಂದ ಕೊಳೆಯುವುದಿಲ್ಲ. ಸುಟ್ಟರೂ ಇಲ್ಲವಾಗುವುದಿಲ್ಲ, ಬೂದಿಯಲ್ಲಿಯೋ ಹೊಗೆಯಲ್ಲಿಯೋ ಉಳಿದೇ ಇರುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ೨೦೦೦ನೆಯ ಇಸವಿಯಲ್ಲಿ ನಿಂತಿತು. ಆದರೂ ಅದಕ್ಕೆ ಮುಂಚೆ ವಾಹನಗಳು ಉಗುಳಿದ ಸೀಸವು ಹಳೆಯ ಹೆದ್ದಾರಿಗಳ ಮಗ್ಗುಲಿನ ಮಣ್ಣಿನಲ್ಲಿ ಇಂದಿಗೂ ಇದೆ. ಕಾಲವು ಎಲ್ಲವನ್ನೂ ಸರಿಪಡಿಸುವುದೆಂಬ ನಮ್ಮ ಸಮಾಧಾನದ ಮಾತು ಇಲ್ಲಿ ಸಲ್ಲುವುದಿಲ್ಲ.

ಇದರ ಭೀಕರ ಪರಿಣಾಮವನ್ನು ಜಪಾನು ದೇಶದ ತೊಯಾಮ ಪ್ರಾಂತದ ರೈತರು ಅನುಭವಿಸಿದರು. ಅಲ್ಲಿ ಜಿಂಜು ಎಂಬ ನದಿಯ ಮೇಲ್ಭಾಗದಲ್ಲಿ ಸತುವಿನ ಗಣಿಯಿತ್ತು. ಗಣಿಯ ಕೊಳೆಯೊಡನೆ ಕ್ಯಾಡ್ಮಿಯಂ ಹೊಳೆಗೆ ಸೇರಿ, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂದಿತು. ಊರಿನ ಹೆಂಗಸರ ಎಲುಬುಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾದವು. ಅವರು ನೋವಿನಿಂದ ಕೂಗುತ್ತಿದ್ದ “ಇತಾಯ್, ಇತಾಯ್” ಎಂಬ ಮಾತೇ ರೋಗದ ಹೆಸರಾಯಿತು. ೧೯೬೮ರಲ್ಲಿ ಆ ದೇಶದ ಸರಕಾರವು ಇದು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಅನಂತರ ಕೆಟ್ಟ ಮಣ್ಣನ್ನು ಹೂತು, ಅದರ ಮೇಲೆ ಹೊರಗಿನಿಂದ ತಂದ ಒಳ್ಳೆಯ ಮಣ್ಣನ್ನು ಹರಡುತ್ತ ಬಂದು, ೮೬೩ ಹೆಕ್ಟೇರು, ಅಂದರೆ ಎರಡು ಸಾವಿರ ಎಕರೆಗೂ ಮಿಕ್ಕಿದ ಭೂಮಿಯನ್ನು ಸರಿಪಡಿಸಿದರು. ಆ ಕಾರ್ಯ ಮುಗಿದುದು ೨೦೧೨ರಲ್ಲಿ; ಹಿಡಿದ ಕಾಲ ಮೂವತ್ತು ವರ್ಷಗಳಿಗೂ ಹೆಚ್ಚು; ತಗಲಿದ ವೆಚ್ಚ ಅಪಾರ. ಅಷ್ಟು ದ್ರವ್ಯವನ್ನು ಸುರಿಯುವ ಶಕ್ತಿ ಎಲ್ಲ ದೇಶಗಳಿಗೂ ಇಲ್ಲ. ನಮ್ಮ ಎರಡೆಕರೆ ಒಕ್ಕಲುತನದ ರೈತನಿಗಂತೂ ಇಲ್ಲವೇ ಇಲ್ಲ. ಆದುದರಿಂದಲೇ ವಿದ್ವಾಂಸರ ದೃಷ್ಟಿ ಸಸ್ಯದ ಕಡೆಗೆ ಹೊರಳಿತು.

ಸಾಮಾನ್ಯವಾದ ಗಿಡಗಳು ವಿಷಲೋಹವನ್ನು ಬೇರಿನಲ್ಲಿಯೇ ತಡೆಯುತ್ತವೆ, ಇಲ್ಲವೆ ಅಂತಹ ನೆಲದಲ್ಲಿ ಸಾಯುತ್ತವೆ. ಕೆಲವೇ ಕೆಲವು ಜಾತಿಗಳು ಮಾತ್ರ ಇದಕ್ಕೆ ತೀರ ವಿರುದ್ಧವಾದ ಸ್ವಭಾವವುಳ್ಳವು. ಲೋಹವನ್ನು ಹಸಿದವರಂತೆ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತವೆ. ಜರ್ಮನಿ ಮತ್ತು ಬೆಲ್ಜಿಯಂ ದೇಶಗಳ ಗಡಿಯಲ್ಲಿರುವ ಸತುವಿನ ಮಣ್ಣಿನ ಮೇಲೆ ಬೆಳೆಯುವ ಸಣ್ಣ ಸಸ್ಯಗಳಲ್ಲಿ ವಿಪರೀತವಾದ ಸತುವಿರುವುದನ್ನು ೧೯ನೆಯ ಶತಮಾನದಲ್ಲಿಯೇ ಕಂಡಿದ್ದರು. ಇಟಲಿಯ ಆಂದ್ರೇಯ ಚೆಸಾಲ್ಪೀನೋ ಎಂಬ ಪಂಡಿತನು ೧೫೮೩ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ, ತಸ್ಕನಿಯ ಕಪ್ಪು ಕಲ್ಲುಗಳ ಮೇಲೆ ಮಾತ್ರ ಬೆಳೆಯುವ ಒಂದು ಗಿಡದ ಪ್ರಸ್ತಾಪವನ್ನು ಮಾಡಿದ್ದನು. ಅದು ಬೇರೆಲ್ಲಿಯೂ ಬೆಳೆಯದೆ ಅಲ್ಲಿಯೇ ಏಕೆ ಬೆಳೆಯುತ್ತದೆಂಬುದರ ಮರ್ಮ ಬಯಲಾಗಲು ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ೧೯೪೮ರಲ್ಲಿ ಮಿಂಗುತ್ಸಿ ಮತ್ತು ವೆರ್ಞಾನೋ ಎಂಬಿಬ್ಬರು ಆ ಗಿಡದ ಒಣಗಿದ ಎಲೆಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ನಿಕ್ಕಲ್ ಲೋಹವೇ ಇರುವುದನ್ನು ತೋರಿಸಿದರು. ಶಾಂತಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿ ಇದಕ್ಕಿಂತ ಸೋಜಿಗದ ಒಂದು ಮರವಿದೆ. ಅದರ ತೊಗಟೆಯನ್ನು ಕೆತ್ತಿದರೆ ನೀಲಿ ಬೆರೆತ ಹಸುರು ಬಣ್ಣದ ಹಾಲು ಸುರಿಯುತ್ತದೆ. ಆ ಹಾಲನ್ನು ಒಣಗಿಸಿ ತೂಗಿದರೆ ನಾಲ್ಕನೆಯ ಒಂದು ಪಾಲು ನಿಕ್ಕಲ್ಲೇ! ಈ ಸಂಗತಿ ೧೯೭೬ರಲ್ಲಿ ಲೋಕಕ್ಕೆ ತಿಳಿಯಿತು.

ಗಿಡವು ಇದನ್ನು ಹೇಗೆ ಸಾಧಿಸುತ್ತದೆ? ಅದು ಅರಿತು ವಿಷ ಕುಡಿಯುವುದಲ್ಲ. ಬೇರಿನ ಮೈಯಲ್ಲಿ ಆಹಾರವನ್ನು ಒಳಕ್ಕೆ ಬಿಟ್ಟುಕೊಳ್ಳುವ ಸೂಕ್ಷ್ಮವಾದ ಬಾಗಿಲುಗಳಿವೆ. ಕ್ಯಾಡ್ಮಿಯಂ ರೂಪದಲ್ಲಿ ಸತುವನ್ನು ಹೋಲುವುದರಿಂದ, ಸತು ಕಬ್ಬಿಣಗಳಿಗಾಗಿ ತೆರೆದ ಬಾಗಿಲಿನಿಂದ ಒಳನುಗ್ಗುತ್ತದೆ. ಆರ್ಸೆನಿಕ್ಕು ರಂಜಕದ ವೇಷದಲ್ಲಿ, ರಂಜಕದ ಬಾಗಿಲಿನಿಂದ ಬರುತ್ತದೆ. ಬೇರೆ ಗಿಡಗಳು ಈ ಕಳ್ಳನನ್ನು ಬೇರಿನಲ್ಲಿಯೇ ಕಟ್ಟಿಹಾಕಿದರೆ, ಈ ವಿಶೇಷ ಸಸ್ಯಗಳು ಅವನನ್ನು ನೀರಿನೊಡನೆ ಎಲೆಗೆ ಸಾಗಿಸುತ್ತವೆ. ಹುಳಿದ್ರವ್ಯಗಳೇ ಮೊದಲಾದವುಗಳಿಂದ ಅವನ ಕೈಕಾಲು ಬಿಗಿದು, ಎಲೆಯ ಕಣಕಣದಲ್ಲಿಯೂ ಇರುವ ರಸಚೀಲದಲ್ಲಿ ಸೆರೆಯಿಡುತ್ತವೆ. ಸೆರೆಯಾದ ವಿಷವು ಗಿಡದ ಜೀವಕ್ಕೆ ತೊಡಕಾಗುವುದಿಲ್ಲ. ಎಲೆ ತಿನ್ನಲು ಬರುವ ಹುಳುವಿಗೆ ಮಾತ್ರ ಅದು ಮೃತ್ಯುವಾಗುತ್ತದೆ. ಹುಳುವಿನಿಂದ ರಕ್ಷಣೆಗಾಗಿಯೇ ಗಿಡಕ್ಕೆ ಈ ಗುಣ ಬಂದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಇದನ್ನು ನೆನಪಿನಲ್ಲಿಡಿರಿ: ಹುಳುವಿಗೆ ವಿಷವಾದ ಎಲೆ ದನಕ್ಕೂ ವಿಷವೇ, ಮನುಷ್ಯನಿಗೂ ವಿಷವೇ.

ಇಂತಹ ಗಿಡಗಳನ್ನು ಬೆಳೆಸಿ, ಕೊಯ್ದು, ಹೊಲದಿಂದ ಹೊರಕ್ಕೆ ಸಾಗಿಸಿದರೆ ಅವುಗಳೊಡನೆ ಲೋಹವೂ ಹೊರಟುಹೋಗುವುದಲ್ಲವೇ? ಈ ಯೋಚನೆಯನ್ನು ೧೯೮೩ರಲ್ಲಿ ಅಮೇರಿಕೆಯ ರೂಫಸ್ ಚೇನಿ ಎಂಬ ಕೃಷಿವಿಜ್ಞಾನಿಯು ಮುಂದಿಟ್ಟನು. ೨೦೦೧ರಲ್ಲಿ ಅದಕ್ಕೆ ದೊಡ್ಡ ಬೆಂಬಲ ದೊರೆಯಿತು. ಫ್ಲಾರಿಡಾ ಸೀಮೆಯಲ್ಲಿ ಮರದ ದಿಮ್ಮಿಗಳಿಗೆ ಗೆದ್ದಲು ಹಿಡಿಯದಂತೆ ಆರ್ಸೆನಿಕ್ ಬೆರೆತ ಔಷಧಿಯನ್ನು ಸವರುತ್ತಿದ್ದ ಒಂದು ಸ್ಥಳದಲ್ಲಿ, ಲೀನಾ ಮಾ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂದು ಜರೀಗಿಡವು ಸೊಂಪಾಗಿ ಬೆಳೆದಿರುವುದನ್ನು ಕಂಡರು. ಪರೀಕ್ಷಿಸಲಾಗಿ, ಆರ್ಸೆನಿಕ್ ಬೆರೆಸಿದ ಮಣ್ಣಿನಲ್ಲಿ ಬೆಳೆಸಿದ ಅದರ ಒಣ ಎಲೆಗಳಲ್ಲಿ ನೂರಕ್ಕೆ ಎರಡು ಪಾಲಿನವರೆಗೆ ಆರ್ಸೆನಿಕ್ಕು ಸೇರಿಕೊಳ್ಳುವುದೆಂದು ಗೊತ್ತಾಯಿತು. ಶಾಸ್ತ್ರಜ್ಞರು ಪ್ಟೆರಿಸ್ ವಿಟ್ಟಾಟ ಎಂದು ಕರೆಯುವ ಈ ಜರೀಗಿಡ ಪರದೇಶದ್ದೆಂದು ತಿಳಿಯಬೇಡಿರಿ. ಅದು ನಮ್ಮ ಮಲೆನಾಡಿನಲ್ಲಿಯೂ, ಹಳೆಯ ಬಾವಿಗಳ ಕಲ್ಲುಸಂದಿಯಲ್ಲಿಯೂ, ಗಾರೆಗೋಡೆಗಳ ಬಿರುಕಿನಲ್ಲಿಯೂ ತಾನಾಗಿಯೇ ಬೆಳೆಯುತ್ತದೆ. ನಾವು ಕಳೆಯೆಂದು ಕಿತ್ತೆಸೆಯುವ ಸಸ್ಯದಲ್ಲಿ ಇಂತಹ ಶಕ್ತಿಯಿದ್ದಿತು.

ನಮ್ಮ ಪ್ರತಿನಿತ್ಯದ ಅನ್ನವಾದ ಭತ್ತವೂ ಈ ಸೇವೆಗೆ ಬಂದಿದೆ. ಜಪಾನಿನ ವಿಜ್ಞಾನಿಗಳು ಚೋಕೋಕೊಕು ಎಂಬ ಭತ್ತದ ತಳಿಯೊಂದು ಕ್ಯಾಡ್ಮಿಯಂ ಅನ್ನು ಬಹಳವಾಗಿ ಹೀರುವುದನ್ನು ಕಂಡು, ಕೆಟ್ಟ ಗದ್ದೆಯಲ್ಲಿ ಅದನ್ನು ಎರಡು ವರ್ಷ ಬೆಳೆದು, ಬುಡಸಹಿತ ಕೊಯ್ದು ಹೊರಹಾಕಿದರು. ಮಣ್ಣಿನ ಕ್ಯಾಡ್ಮಿಯಂನಲ್ಲಿ ನೂರಕ್ಕೆ ೩೮ ಪಾಲು ಕಡಿಮೆಯಾಯಿತು. ಅನಂತರ ಬೆಳೆದ ಊಟದ ಅಕ್ಕಿಯಲ್ಲಿ ಅದು ನೂರಕ್ಕೆ ೪೭ ಪಾಲು ತಗ್ಗಿತು. ಈ ಫಲಿತಾಂಶ ೨೦೦೯ರಲ್ಲಿ ಪ್ರಕಟವಾಯಿತು. ಇಲ್ಲಿ ರೈತರು ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಗದ್ದೆಯಲ್ಲಿ ನೀರು ನಿಂತಿದ್ದರೆ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಮಣ್ಣಿನಲ್ಲಿ ಅಡಗಿರುತ್ತದೆ. ನೀರು ಬಸಿದರೆ ಕರಗಿ ಬೇರಿಗೆ ಸಿಕ್ಕುತ್ತದೆ. ಆದುದರಿಂದ ವಿಷ ತೆಗೆಯುವ ಬೆಳೆಗೆ ಅವರು ನೀರನ್ನು ಬಸಿದುಬಿಟ್ಟರು. ಅದೇ ಗದ್ದೆಯಲ್ಲಿ ಊಟದ ಬೆಳೆ ಬೆಳೆಯುವಾಗ ನೀರು ನಿಲ್ಲಿಸುವುದು ಮೇಲು. ಆರ್ಸೆನಿಕ್ಕಿನ ರೀತಿ ಇದಕ್ಕೆ ತಿರುಗುಮುರುಗು. ನೀರು ನಿಂತಷ್ಟೂ ಅದು ಭತ್ತಕ್ಕೆ ಹೆಚ್ಚು ಸೇರುತ್ತದೆ. ಇದರಿಂದ ತಿಳಿಯಬೇಕಾದುದೇನೆಂದರೆ, ನೆಲದಲ್ಲಿ ಯಾವ ವಿಷವಿದೆಯೆಂಬುದನ್ನು ಅರಿಯದೆ ಮಾಡಿದ ಮದ್ದು ರೋಗವನ್ನು ಹೆಚ್ಚಿಸಲೂಬಹುದು.

ಇಷ್ಟು ಕೇಳಿದ ಮೇಲೆ, ಇನ್ನೇನು ಎಲ್ಲ ಕೆಟ್ಟ ಹೊಲಗಳೂ ನಾಲ್ಕು ಬೆಳೆಗಳಲ್ಲಿ ಚೊಕ್ಕಟವಾಗುವುವೆಂದು ಯಾರಿಗಾದರೂ ಉತ್ಸಾಹ ಹುಟ್ಟೀತು. ಆ ಉತ್ಸಾಹಕ್ಕೆ ಒಂದು ಲೆಕ್ಕದ ಕಡಿವಾಣ ಹಾಕುವುದು ನನ್ನ ಕರ್ತವ್ಯ. ಒಂದು ಎಕರೆ ಹೊಲದಲ್ಲಿ ಒಂದು ಗೇಣು ಆಳದ ಮೇಲ್ಮಣ್ಣನ್ನು ತೂಗಿದರೆ ಸುಮಾರು ಹತ್ತು ಲಕ್ಷ ಕಿಲೋಗ್ರಾಂ ಆಗುತ್ತದೆ. ಪ್ರತಿ ಕಿಲೋಗ್ರಾಂ ಮಣ್ಣಿನಿಂದ ೫ ಮಿಲಿಗ್ರಾಂ ಕ್ಯಾಡ್ಮಿಯಂ ತೆಗೆಯಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಒಟ್ಟು ೫ ಕಿಲೋಗ್ರಾಂ ತೆಗೆದಂತಾಯಿತು. ನಾವು ಬೆಳೆಯುವ ಗಿಡವು ಎಕರೆಗೆ ೨ ಟನ್ನು ಒಣ ಸೊಪ್ಪೆ ಕೊಟ್ಟು, ಅದರ ಕಿಲೋಗ್ರಾಮಿಗೆ ೧೦೦ ಮಿಲಿಗ್ರಾಂ ಕ್ಯಾಡ್ಮಿಯಂ ಹಿಡಿದಿದ್ದರೆ, ಒಂದು ಬೆಳೆಗೆ ಹೊರಟುಹೋಗುವುದು ೨೦೦ ಗ್ರಾಂ. ಅಂದರೆ ೨೫ ಬೆಳೆಗಳು ಬೇಕು. ತಾಳ್ಮೆಯುಳ್ಳ ರೈತನಿಗೆ ಇದು ಸಾಧ್ಯ. ತಂದೆ ತೊಡಗಿದ್ದನ್ನು ಮಗ ಮುಗಿಸಬಹುದು.

ಸೀಸದ ಲೆಕ್ಕವನ್ನು ನೋಡಿರಿ. ಬ್ಯಾಟರಿ ಕರಗಿಸಿದಂತಹ ಜಾಗದಲ್ಲಿ ಸೀಸವು ಬಹಳವಾಗಿರುತ್ತದೆ. ಕಿಲೋಗ್ರಾಂ ಮಣ್ಣಿನಿಂದ ೫೦೦ ಮಿಲಿಗ್ರಾಂ ತೆಗೆಯಬೇಕಾದರೆ ಎಕರೆಗೆ ೫೦೦ ಕಿಲೋಗ್ರಾಂ ಆಯಿತು. ಸೀಸವು ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಲೋಹ. ಬೇರಿಗೆ ಬಂದದ್ದೂ ಮೇಲಕ್ಕೆ ಏರುವುದು ಅತಿ ಕಡಿಮೆ. ಸೂರ್ಯಕಾಂತಿಯ ೪ ಟನ್ನು ಒಣ ದಂಟಿನಲ್ಲಿ ಕಿಲೋಗ್ರಾಮಿಗೆ ೫೦ ಮಿಲಿಗ್ರಾಂ ಸೀಸ ಸೇರಿತೆಂದು ಉದಾರವಾಗಿ ಎಣಿಸಿದರೂ ಒಂದು ಬೆಳೆಗೆ ೨೦೦ ಗ್ರಾಂ ಮಾತ್ರ. ಬೇಕಾಗುವ ಬೆಳೆಗಳು ೨,೫೦೦! ವರ್ಷಕ್ಕೆ ಎರಡರಂತೆ ಬೆಳೆದರೂ ೧,೨೫೦ ವರ್ಷಗಳು. ರಾಷ್ಟ್ರಕೂಟರ ಕಾಲದಲ್ಲಿ ಬಿತ್ತಲು ತೊಡಗಿದ್ದರೆ ಈಗ ಮುಗಿಯುತ್ತಿತ್ತು.

ಮಣ್ಣಿಗೆ ಕೆಲವು ರಾಸಾಯನಿಕಗಳನ್ನು ಬೆರೆಸಿ, ಸೀಸವನ್ನು ಕರಗಿಸಿ, ಸಾಸಿವೆಯ ಗಿಡಕ್ಕೆ ಕುಡಿಸುವ ಪ್ರಯತ್ನಗಳೂ ೧೯೯೦ರ ದಶಕದಲ್ಲಿ ಅಮೇರಿಕೆಯಲ್ಲಿ ನಡೆದವು. ಸಾಸಿವೆಯು ಸೀಸವನ್ನು ಬಹಳವಾಗಿಯೇ ಹೀರಿತು. ಆದರೆ ಗಿಡಕ್ಕೆ ಸಿಕ್ಕದೆ ಉಳಿದ ಕರಗಿದ ಸೀಸವು ಕೆಳಗಿಳಿದು ಅಂತರ್ಜಲವನ್ನು ಸೇರುವ ಭಯ ಹುಟ್ಟಿತು. ಹೊಲವನ್ನು ತೊಳೆಯಹೋಗಿ ಬಾವಿಯನ್ನು ಕೆಡಿಸಿದರೆ ಲಾಭವೇನು?

ಸೂರ್ಯಕಾಂತಿಯ ಕೀರ್ತಿ ಎಲ್ಲಿಂದ ಬಂದಿತೆಂಬುದನ್ನೂ ಹೇಳಬೇಕು. ೧೯೮೬ರ ಚೆರ್ನೋಬಿಲ್ ಅಣುದುರಂತದ ತರುವಾಯ, ಅಲ್ಲಿಗೆ ಸಮೀಪದ ಒಂದು ಕೊಳದಲ್ಲಿ ತೆಪ್ಪಗಳ ಮೇಲೆ ಸೂರ್ಯಕಾಂತಿಯನ್ನು ಬೆಳೆಸಿ, ಅದರ ಬೇರುಗಳನ್ನು ನೀರಿಗೆ ಇಳಿಬಿಟ್ಟರು. ಅಣುವಿಕಿರಣವುಳ್ಳ ಸೀಸಿಯಂ, ಸ್ಟ್ರಾಂಷಿಯಂಗಳನ್ನು ಬೇರುಗಳು ನೀರಿನಿಂದ ಚೆನ್ನಾಗಿ ಹೀರಿಕೊಂಡವು. ನೀರಿನಲ್ಲಿ ಆದುದು ಮಣ್ಣಿನಲ್ಲಿಯೂ ಆದೀತೆಂಬ ಆಸೆಯಿಂದ, ೨೦೧೧ರ ಫುಕುಶಿಮಾ ಅಪಘಾತದ ನಂತರ ಜಪಾನಿನ ಜನರು ಶ್ರದ್ಧೆಯಿಂದ ಸೂರ್ಯಕಾಂತಿಯನ್ನು ಬಿತ್ತಿದರು. ಅದೇ ವರ್ಷ ಅಲ್ಲಿಯ ಕೃಷಿಖಾತೆಯವರು ಪರೀಕ್ಷಿಸಿ ನೋಡಲಾಗಿ, ನೆಲದ ಸೀಸಿಯಂನಲ್ಲಿ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ ಗಿಡಕ್ಕೆ ಬಂದಿತ್ತು. ಜೇಡಿಮಣ್ಣು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡುದೇ ಇದಕ್ಕೆ ಕಾರಣ. ಕೊನೆಗೆ ಮೇಲ್ಮಣ್ಣನ್ನೇ ಕೆರೆದು ತೆಗೆಯಬೇಕಾಯಿತು. ಹೂವಿನ ಅಂದ ಮನಸ್ಸಿಗೆ ಧೈರ್ಯವನ್ನು ಕೊಟ್ಟಿರಬಹುದು. ನೆಲವನ್ನು ಮಾತ್ರ ಶುದ್ಧಮಾಡಲಿಲ್ಲ.

ಹಾಗಾದರೆ ಸೀಸದಂತಹ ಲೋಹಕ್ಕೆ ಸಸ್ಯದಿಂದ ಪರಿಹಾರವೇ ಇಲ್ಲವೇ? ಇದೆ, ಆದರೆ ಅದು ಬೇರೊಂದು ಬಗೆಯದು. ಎತ್ತಿ ಹಾಕಲಾರದ ವಿಷವನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸುವುದು ಆ ಎರಡನೆಯ ಮಾರ್ಗ. ಮಣ್ಣಿನ ವಿಷ ನಮ್ಮನ್ನು ಮುಟ್ಟುವುದು ಹೇಗೆ? ಗಾಳಿಯಲ್ಲಿ ಧೂಳಾಗಿ, ಮಳೆಯಲ್ಲಿ ಕೆಸರಾಗಿ, ಬೆಳೆಯಲ್ಲಿ ಆಹಾರವಾಗಿ. ನೆಲದ ಮೇಲೆ ಹಸುರಿನ ಹೊದಿಕೆ ಹಾಸಿ, ಆಳವಾದ ಬೇರುಗಳಿಂದ ಮಣ್ಣನ್ನು ಹೆಣೆದರೆ ಮೊದಲಿನ ಎರಡು ದಾರಿಗಳು ಬಹುಮಟ್ಟಿಗೆ ಮುಚ್ಚುತ್ತವೆ. ತಿನ್ನುವ ಬೆಳೆಯನ್ನು ಅಲ್ಲಿ ಹಾಕದಿದ್ದರೆ ಮೂರನೆಯದೂ ಮುಚ್ಚುತ್ತದೆ.

ಈ ಕಾರ್ಯಕ್ಕೆ ಲೋಕದಲ್ಲಿ ಹೆಸರಾದ ಹುಲ್ಲು ನಮ್ಮ ಲಾವಂಚ. ಮುಡಿವಾಳವೆಂದೂ ಇದನ್ನು ಕರೆಯುತ್ತಾರೆ. ೧೯೮೦ರ ದಶಕದಲ್ಲಿ ಜಾಗತಿಕ ಬ್ಯಾಂಕಿನ ಕೃಷಿತಜ್ಞರಾದ ಗ್ರಿಮ್‌ಶಾ ಮತ್ತು ಗ್ರೀನ್‌ಫೀಲ್ಡ್ ಎಂಬವರು ಮಣ್ಣಿನ ಕೊಚ್ಚಣೆಯನ್ನು ತಡೆಯಲು ಈ ಹುಲ್ಲನ್ನು ದೇಶದೇಶಗಳಲ್ಲಿ ಪ್ರಚಾರಕ್ಕೆ ತಂದರು. ಮೈಸೂರು ಸೀಮೆಯ ಗುಂಡ್ಲುಪೇಟೆಯ ರೈತರು ಅದಕ್ಕೂ ಎಷ್ಟೋ ತಲೆಮಾರು ಹಿಂದಿನಿಂದ ಹೊಲದ ಬದುವಿಗೆ ಲಾವಂಚದ ಸಾಲನ್ನು ನೆಟ್ಟುಕೊಂಡು ಬಂದಿದ್ದರೆಂಬುದನ್ನು ಅವರೇ ಕಂಡು ಮೆಚ್ಚಿಕೊಂಡರು. ಲಾವಂಚದ ಬೇರು ಅಡ್ಡಕ್ಕೆ ಹರಡದೆ, ಅನುಕೂಲವಾದ ನೆಲದಲ್ಲಿ ಆಳುದ್ದಕ್ಕೂ ಮಿಕ್ಕಿ ಕೆಳಕ್ಕೆ ಇಳಿಯುತ್ತದೆ. ಸೀಸದಂತಹ ಲೋಹವನ್ನು ಬಹುಭಾಗ ಬೇರಿನಲ್ಲಿಯೇ ಹಿಡಿದಿಡುತ್ತದೆ. ಎಲೆಗೆ ಏರಿಸುವುದು ಸ್ವಲ್ಪ ಮಾತ್ರ. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಚೀಣ ಮೊದಲಾದ ದೇಶಗಳಲ್ಲಿ ಗಣಿಗಳ ಕಸದ ದಿಬ್ಬಗಳ ಮೇಲೆ ಇದನ್ನು ನೆಟ್ಟು ಒಳ್ಳೆಯ ಫಲವನ್ನು ಕಂಡಿದ್ದಾರೆ. ನಮ್ಮ ಬದುವಿನ ಹುಲ್ಲಿಗೆ ದೊರೆತ ಈ ಗೌರವ ಸಂತೋಷದ ವಿಷಯವೇ. ಆದರೆ ತಾಯಂದಿರು ಒಂದು ಮಾತನ್ನು ಮರೆಯಬಾರದು. ಬೇಸಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ನಾವು ಲಾವಂಚದ ಬೇರನ್ನು ಹಾಕುತ್ತೇವೆ. ವಿಷದ ನೆಲದಲ್ಲಿ ಕಾವಲು ನಿಂತ ಲಾವಂಚದ ಬೇರು ಗಡಿಗೆಗೂ ಬರಬಾರದು, ಔಷಧಿಗೂ ಹೋಗಬಾರದು, ಅತ್ತರಿನವನಿಗೂ ಮಾರಬಾರದು. ಅದು ನೆಲದಲ್ಲಿಯೇ ಇರತಕ್ಕದ್ದು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಕ್ಷೇತ್ರವಿಲ್ಲವೆಂದು ಹೇಳುವಂತಿಲ್ಲ. ಕೋಲಾರದ ಚಿನ್ನದ ಗಣಿಗಳ ಕೆಲಸ ೨೦೦೧ರಲ್ಲಿ ನಿಂತಿತು. ಆದರೆ ನೂರಿಪ್ಪತ್ತು ವರ್ಷಗಳ ಕಾಲ ಅರೆದು ಚೆಲ್ಲಿದ ಕಲ್ಲಿನ ಹುಡಿಯ ಗುಡ್ಡಗಳು ಉಳಿದವು, ಗಾಳಿ ಬೀಸಿದಾಗ ಅವುಗಳ ಧೂಳು ಊರಿನ ಮೇಲೆ ಹಾರಿತು. ಇಂತಹ ಗುಡ್ಡಗಳಿಗೆ ತಕ್ಕುದು ಹೀರುವ ಗಿಡವಲ್ಲ, ಹೊದಿಸುವ ಗಿಡ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕಥೆಯೇ ಬೇರೆ. ಪುರಾತನ ಚಿನ್ನದ ಗಣಿಗಾರಿಕೆಯ ಆ ಪ್ರದೇಶದಲ್ಲಿ ಕುಡಿಯುವ ನೀರಿನಲ್ಲಿಯೇ ಆರ್ಸೆನಿಕ್ಕಿದ್ದು, ಜನರ ಮೈಮೇಲೆ ಅದರ ರೋಗಚಿಹ್ನೆಗಳು ಕಂಡವೆಂದು ೨೦೧೩ರಲ್ಲಿ ವಿದ್ವಾಂಸರು ಬರೆದರು. ಅಲ್ಲಿ ವಿಷವು ಬಂಡೆಯ ಒಡಲಿನಿಂದ ಬರುವುದರಿಂದ ಮೇಲೆ ಜರೀಗಿಡ ನೆಟ್ಟು ಫಲವಿಲ್ಲ. ಅಂತಹ ಊರಿಗೆ ಮೊದಲ ಮದ್ದು ಒಳ್ಳೆಯ ನೀರನ್ನು ಬೇರೆ ಕಡೆಯಿಂದ ಒದಗಿಸುವುದೇ.

ಇನ್ನು ಕೊಯ್ದ ಗಿಡದ ವಿಚಾರ. ನಮ್ಮ ಒಕ್ಕಲುತನದಲ್ಲಿ ಯಾವ ಕಸವೂ ವ್ಯರ್ಥವಲ್ಲ: ದಂಟು ದನಕ್ಕೆ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ಈ ಸುಂದರವಾದ ಚಕ್ರವೇ ಇಲ್ಲಿ ನಮಗೆ ಮುಳುವಾಗುವುದು. ವಿಷ ಹೀರಿದ ಗಿಡವನ್ನು ದನಕ್ಕೆ ಹಾಕಿದರೆ ಹಾಲು ಮಾಂಸಗಳಿಗೆ ಬರಬಹುದು. ತಿಪ್ಪೆಗೆ ಹಾಕಿದರೆ ಹೊಲಕ್ಕೆ ಮರಳುವುದು. ಒಲೆಗೆ ಹಾಕಿದರೆ ಹೊಗೆಯಾಗಿಯೂ ಬೂದಿಯಾಗಿಯೂ ಮನೆಯನ್ನು ಸೇರುವುದು. ಹೊಗೆಯನ್ನು ಸೋಸುವ ಕುಲುಮೆಯಲ್ಲಿ ಸುಡುವುದು, ಇಲ್ಲವೆ ಅಪಾಯಕರ ತ್ಯಾಜ್ಯಗಳಿಗಾಗಿ ಸರಕಾರವು ಗೊತ್ತುಮಾಡಿದ ಭದ್ರವಾದ ಜಾಗಕ್ಕೆ ಒಪ್ಪಿಸುವುದು, ಇವೇ ಅದಕ್ಕೆ ತಕ್ಕ ದಾರಿಗಳು. ಬೆಲೆಯುಳ್ಳ ಲೋಹವಾದರೆ ಬೂದಿಯಿಂದ ಅದನ್ನು ತೆಗೆದು ಮಾರಲೂಬಹುದು. ಅಲ್ಬೇನಿಯ ದೇಶದ ನಿಕ್ಕಲ್ ನೆಲದಲ್ಲಿ ಹೆಕ್ಟೇರಿಗೆ ಸುಮಾರು ೧೦೦ ಕಿಲೋಗ್ರಾಂ ನಿಕ್ಕಲ್ ಅನ್ನು ಹೀಗೆ ಗಿಡದ ಮೂಲಕ ಎತ್ತಿದ್ದಾರೆ. ಮಲೇಷಿಯದ ಸಾಬಾ ಪ್ರಾಂತದಲ್ಲಿ ನಿಕ್ಕಲ್ ಹೀರುವ ಒಂದು ಗಿಡಕ್ಕೆ ೨೦೧೮ರಲ್ಲಿ ರೂಫಸ್ ಚೇನಿಯವರ ಹೆಸರನ್ನೇ ಇಟ್ಟರು. ಅದು ನಮ್ಮ ನೆಲ್ಲಿಯ ಕುಲಕ್ಕೇ ಸೇರಿದುದು.

ಇಷ್ಟರಿಂದ ನಾನು ಹೇಳಬೇಕಾದ ಮುಖ್ಯ ಮಾತು ಇದು: ಸಸ್ಯವು ವಿಷವನ್ನು ನಾಶಮಾಡುವುದಿಲ್ಲ. ಒಂದೋ ಎತ್ತಿ ನಮ್ಮ ಕೈಗೆ ಕೊಡುತ್ತದೆ, ಇಲ್ಲವೆ ನೆಲದಲ್ಲಿ ಹಿಡಿದು ಕಾಯುತ್ತದೆ. ಎತ್ತಿಕೊಟ್ಟುದನ್ನು ಎಲ್ಲಿಡಬೇಕು, ಹಿಡಿದಿಟ್ಟುದನ್ನು ಹೇಗೆ ಕದಲಿಸದೆ ಇರಬೇಕು ಎಂಬ ಹೊಣೆ ಮನುಷ್ಯನದು. ಮೇಲಿನಿಂದ ವಿಷ ಸುರಿಯುವುದನ್ನು ನಿಲ್ಲಿಸದೆ ಕೆಳಗೆ ಗಿಡ ನೆಡುವುದು, ಒಡೆದ ಏರಿಯನ್ನು ಕಟ್ಟದೆ ಕೆರೆ ತುಂಬಿಸಿದಂತೆ.

ಈಗ ಆ ರೈತ ಭಕ್ತರ ಪ್ರಶ್ನೆಗೆ ಬರುತ್ತೇನೆ. ಅವರು ಹೊಲದ ಬೇರೆ ಬೇರೆ ಭಾಗಗಳಿಂದ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ತಂದರು. ಶೆಡ್ಡಿನ ಕೆಳಗಿನ ಪಟ್ಟಿಯಲ್ಲಿ ಸೀಸವು ಮಿತಿಮೀರಿ ಇದ್ದಿತು. ಒಂದು ಬೆಳೆ ಸೂರ್ಯಕಾಂತಿಯಿಂದ ಅದರಲ್ಲಿ ಕಾಣುವಷ್ಟು ವ್ಯತ್ಯಾಸವಾಗಿರಲಿಲ್ಲ. ನೀರು ಹರಿಯದ ಆಚೆಯ ಭಾಗ ನಿರ್ದೋಷವಾಗಿತ್ತು. ಹರಿವೆ, ಪಾಲಕು, ಮೆಂತ್ಯ, ಕೊತ್ತಂಬರಿಗಳಂತಹ ಸೊಪ್ಪುಗಳೂ ಮೂಲಂಗಿ ಗಜ್ಜರಿಗಳಂತಹ ಗೆಡ್ಡೆಗಳೂ ಕೆಟ್ಟ ನೆಲದಲ್ಲಿ ಎಲ್ಲಕ್ಕಿಂತ ಅಪಾಯಕರವೆಂದು ನಾನು ತಿಳಿಸಿದೆನು. ಸೊಪ್ಪು ಹೀರುವುದರ ಜೊತೆಗೆ ಅದರ ಮೈಗೆ ಅಂಟಿದ ಮಣ್ಣೂ ಧೂಳೂ ಹೊಟ್ಟೆಗೆ ಹೋಗುತ್ತವೆ. ಆ ಪಟ್ಟಿಯಲ್ಲಿ ತಿನ್ನುವ ಬೆಳೆ ಯಾವುದೂ ಬೇಡ, ದನ ಮೇಯಿಸುವುದೂ ಬೇಡ, ಮಕ್ಕಳು ಆಡುವುದೂ ಬೇಡ. ಗೊಬ್ಬರವನ್ನೂ ಸುಣ್ಣವನ್ನೂ ಸೇರಿಸಿ ಸೀಸವನ್ನು ಇನ್ನಷ್ಟು ಬಿಗಿದಿಟ್ಟು, ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲುಗಳನ್ನು ನೆಟ್ಟು, ನಡುವೆ ತೇಗವನ್ನೋ ಬಿದಿರನ್ನೋ ಬೆಳೆಸಿರಿ ಎ೦ದು ಸಲಹೆಯಿತ್ತೆನು. ಶೆಡ್ಡಿನ ಜಾಗದಲ್ಲಿ ಉಳಿದ ಬೂದಿಯನ್ನು ತೆಗೆಸುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೆದುಕೊಟ್ಟೆನು.

ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಆ ಪಟ್ಟಿಯೇ ಅವರ ಹೊಲದಲ್ಲಿ ಬಾವಿಗೆ ಹತ್ತಿರದ, ಎಲ್ಲಕ್ಕಿಂತ ಫಲವತ್ತಾದ ಭಾಗ. ಕೊನೆಗೆ, “ಸಾಹೇಬರೇ, ಮೂರು ವರ್ಷ ಆ ನೆಲದ ಸೊಪ್ಪನ್ನೇ ತಂದು ಕೊಟ್ಟೆನಲ್ಲ” ಎಂದರು. ಆ ಮಾತಿಗೆ ನನ್ನಲ್ಲಿ ಸಮಾಧಾನವಿರಲಿಲ್ಲ. ತಿಳಿಯದೆ ಆದುದಕ್ಕೆ ಮರುಗುವುದಕ್ಕಿಂತ, ತಿಳಿದ ಮೇಲೆ ನಿಲ್ಲಿಸುವುದು ದೊಡ್ಡದೆಂದು ಮಾತ್ರ ಹೇಳಿದೆನು. ಅವರು ಅಂದೇ ಬಂದು ಶ್ರೀಗಳವರಲ್ಲಿ ಇದ್ದುದನ್ನು ಇದ್ದಂತೆ ಅರಿಕೆ ಮಾಡಿಕೊಂಡರು. ಶ್ರೀಗಳವರು ವಿದ್ಯಾರ್ಥಿಗಳ ರಕ್ತಪರೀಕ್ಷೆಗೆ ಏರ್ಪಾಡು ಮಾಡಿಸಿದರಲ್ಲದೆ, ದಾಸೋಹಕ್ಕೆ ಬರುವ ಕಾಯಿಪಲ್ಯೆಗಳ ಹೊಲಗಳ ಮಣ್ಣನ್ನೆಲ್ಲ ಪರೀಕ್ಷಿಸಬೇಕೆಂದು ಅಪ್ಪಣೆ ಮಾಡಿದರು. ಈಗ ಆ ಪಟ್ಟಿಯಲ್ಲಿ ಲಾವಂಚ ಮೊಣಕಾಲೆತ್ತರ ನಿಂತಿದೆ. ದಾಸೋಹದ ಸೊಪ್ಪು ಆಚೆಯ ಭಾಗದಿಂದ ಬರುತ್ತಿದೆ. ಮೊದಲಿಗಿಂತ ಕಡಿಮೆ, ಆದರೆ ಭಯವಿಲ್ಲದ್ದು.

ಬಂಧುಗಳೇ, ನಿಮ್ಮಲ್ಲಿ ಯಾರ ಹೊಲವಾದರೂ ಹಳೆಯ ಕಾರಖಾನೆಯ ಕೆಳಗೋ, ಊರ ಕೊಳಚೆಯ ಹರಿವಿನಲ್ಲಿಯೋ, ಲೋಹ ಕರಗಿಸಿದ ಜಾಗದ ಮಗ್ಗುಲಲ್ಲಿಯೋ ಇದ್ದರೆ, ದಯಮಾಡಿ ಒಮ್ಮೆ ಮಣ್ಣನ್ನು ಪರೀಕ್ಷೆ ಮಾಡಿಸಿರಿ. ಸಾಮಾನ್ಯ ಮಣ್ಣುಪರೀಕ್ಷೆಯಲ್ಲಿ ಗೊಬ್ಬರದ ಅಂಶಗಳನ್ನು ಮಾತ್ರ ನೋಡುವ ರೂಢಿಯಿರುವುದರಿಂದ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ಕುಗಳನ್ನೂ ನೋಡಬೇಕೆಂದು ಬಾಯಿಬಿಟ್ಟು ಕೇಳಿರಿ. ಫಲಿತಾಂಶ ಬರುವವರೆಗೆ ಆ ನೆಲದ ಸೊಪ್ಪನ್ನು ಮಕ್ಕಳಿಗೆ ಉಣಿಸಬೇಡಿರಿ.

ಮೂಕವಾದ ಸಸ್ಯವು ನಾವು ಚೆಲ್ಲಿದ ವಿಷವನ್ನು ತನ್ನೊಡಲಿನಲ್ಲಿ ಇಟ್ಟುಕೊಂಡು ಹಸುರಾಗಿ ನಿಲ್ಲುತ್ತದೆ. ಅದರ ಸೇವೆಯನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸೋಣ. ಆದರೆ ಅದರ ಶಕ್ತಿಗೆ ಮೀರಿದುದನ್ನು ಅದರ ಮೇಲೆ ಹೊರಿಸಿ ನಾವು ನಿಶ್ಚಿಂತರಾಗದಿರೋಣ.